ಮೀಟರಿನ ತಟ್ಟೆ ಉಲ್ಟಾ ತಿರುಗಿದಾಗ

ಹಳೇ ಕಾಲದ ಕರೆಂಟ್ ಮೀಟರ್ ನೆನಪಿದೆ ಅಲ್ವಾ? ಗಾಜಿನ ಹಿಂದೆ ಒಂದು ಅಲ್ಯೂಮಿನಿಯಂ ತಟ್ಟೆ, ಅದರ ಅಂಚಿಗೆ ಬಳಿದ ಒಂದು ಗುರುತು. ಇಸ್ತ್ರಿ ಪೆಟ್ಟಿಗೆ ಹಾಕಿದರೆ ತಟ್ಟೆ ಗಿರಗಿರನೆ ತಿರುಗುತ್ತಿತ್ತು. ಎಲ್ಲ ಆಫ್ ಮಾಡಿದರೆ ನಿಂತುಬಿಡುತ್ತಿತ್ತು. ಹಂಗೇರಿಯ ಒಟ್ಟೊ ಬ್ಲಾಥಿ 1889ರಲ್ಲಿ ಇಂಥ ಮೀಟರಿಗೆ ಪೇಟೆಂಟ್ ಪಡೆದಿದ್ದರು. ಈ ತಟ್ಟೆಗೆ ಇನ್ನೂ ಒಂದು ಗುಣ ಇತ್ತು. ಕರೆಂಟು ಮನೆಯಿಂದ ಹೊರಗೆ ಹರಿದರೆ ಅದು ಉಲ್ಟಾ ತಿರುಗುತ್ತದೆ, ರೀಡಿಂಗ್ ಇಳಿಯುತ್ತದೆ. ಹೆಚ್ಚುಕಡಿಮೆ ತೊಂಬತ್ತು ವರ್ಷ ಈ ಗುಣಕ್ಕೆ ಕೆಲಸವೇ ಇರಲಿಲ್ಲ. ಮನೆಯಿಂದ ಕರೆಂಟು ಹೊರಗೆ ಹೋಗುವುದಾದರೂ ಹೇಗೆ?

ಮನೆಯ ಮೇಲಿನ ಸೋಲಾರ್ ಕರೆಂಟಿಗೆ ಎಷ್ಟು ರೇಟು ಕೊಡಬೇಕು ಅನ್ನುವ ಜಗಳ ಇವತ್ತು ದೇಶದೇಶಗಳಲ್ಲಿ ನಡೆಯುತ್ತಿದೆ. ಅದರ ಬೇರು ಈ ತಟ್ಟೆಯಲ್ಲೇ ಇದೆ ಅನ್ನುವುದು ನನ್ನ ಅನಿಸಿಕೆ.

ಸಿಲಿಕಾನ್ ಸೋಲಾರ್ ಸೆಲ್ ಹುಟ್ಟಿದ್ದು ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. 1954ರ ಏಪ್ರಿಲ್‌ನಲ್ಲಿ ಅದನ್ನು ಜನರ ಮುಂದಿಟ್ಟಾಗ, ಬಿದ್ದ ಬಿಸಿಲಿನಲ್ಲಿ ಸುಮಾರು ನೂರಕ್ಕೆ ಆರು ಪಾಲು ಕರೆಂಟಾಗುತ್ತಿತ್ತು. ಬೆಲೆಯೋ, ಕೇಳುವ ಹಾಗೇ ಇರಲಿಲ್ಲ. ಹಾಗಾಗಿ ಅದು ಮೊದಲು ಹತ್ತಿದ್ದು ಉಪಗ್ರಹವನ್ನು, 1958ರ ವ್ಯಾನ್‌ಗಾರ್ಡ್-1. ಮನೆಯ ಮಾಡಿಗೆ ಇಳಿಯಲು 1973 ಬರಬೇಕಾಯಿತು. ಆ ವರ್ಷ ತೈಲ ಬಿಕ್ಕಟ್ಟು ಬಂತು. ಅದೇ ವರ್ಷ ಡೆಲವೇರ್ ವಿಶ್ವವಿದ್ಯಾಲಯದವರು ಸೋಲಾರ್ ಒನ್ ಎಂಬ ಮನೆ ಕಟ್ಟಿದರು. ಹಗಲು ಉಳಿದ ಕರೆಂಟನ್ನು ಬೇರೆ ಮೀಟರಿನ ಮೂಲಕ ಕರೆಂಟ್ ಕಂಪನಿಗೆ ಕೊಡುವುದು, ರಾತ್ರಿ ಕಂಪನಿಯಿಂದ ಕೊಳ್ಳುವುದು. ಇವತ್ತಿನ ಇಡೀ ಏರ್ಪಾಡಿನ ಚಿಕ್ಕ ನಮೂನೆ ಅಲ್ಲೇ ಇತ್ತು.

ಆದರೆ ಕಂಪನಿಗಳು ಯಾಕೆ ಕೊಳ್ಳಬೇಕು? ಕೊಳ್ಳಲೇಬೇಕು ಎಂದು ಅಮೆರಿಕ 1978ರಲ್ಲಿ ಕಾನೂನು ಮಾಡಿತು. ಅದರಲ್ಲೊಂದು ಷರತ್ತಿತ್ತು. ಆ ಕರೆಂಟನ್ನು ತಾನೇ ತಯಾರಿಸಿದ್ದರೆ ಕಂಪನಿಗೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟು ಕೊಟ್ಟರೆ ಸಾಕು. ಅದು ಗ್ರಾಹಕರಿಗೆ ಮಾರುವ ದರಕ್ಕಿಂತ ತುಂಬಾ ಕಡಿಮೆ. ನೀವು ಕೊಟ್ಟರೆ ಸಗಟು ರೇಟು, ಅವರು ಕೊಟ್ಟರೆ ಅಂಗಡಿ ರೇಟು.

ತಟ್ಟೆ ಆಟಕ್ಕಿಳಿದದ್ದು ಇಲ್ಲಿಂದ. 1980ರ ಆಸುಪಾಸಿನಲ್ಲಿ ಮ್ಯಾಸಚೂಸೆಟ್ಸ್‌ನ ಸ್ಟೀವನ್ ಸ್ಟ್ರಾಂಗ್ ಎಂಬ ವಾಸ್ತುಶಿಲ್ಪಿ ಸೋಲಾರ್ ಕಟ್ಟಡಗಳನ್ನು ಗ್ರಿಡ್‌ಗೆ, ಅಂದರೆ ಕರೆಂಟ್ ಕಂಪನಿಯ ತಂತಿಜಾಲಕ್ಕೆ, ಜೋಡಿಸುತ್ತಿದ್ದರು. ಎರಡನೇ ಮೀಟರಿನ ರಗಳೆ ಯಾಕೆ, ಇರುವ ಮೀಟರೇ ಉಲ್ಟಾ ತಿರುಗಲಿ ಬಿಡಿ! ಕೊಟ್ಟದ್ದು ತಾನಾಗಿಯೇ ಕಳೆದುಹೋಗುತ್ತದೆ. 1983ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯ ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ನೆಟ್ ಮೀಟರಿಂಗ್ ಅನ್ನುವುದು ಇದನ್ನೇ.

ಲೆಕ್ಕ ಎಷ್ಟು ಸುಲಭ ಅಂದರೆ, ಅದರೊಳಗಿನ ತೀರ್ಮಾನ ಕಣ್ಣಿಗೇ ಬೀಳುವುದಿಲ್ಲ. ತಟ್ಟೆಗೆ ಗಡಿಯಾರ ಗೊತ್ತಿಲ್ಲ. ಮಧ್ಯಾಹ್ನ 12ಕ್ಕೆ ಕೊಟ್ಟ ಒಂದು ಯೂನಿಟ್ಟೂ ರಾತ್ರಿ 8ಕ್ಕೆ ತೆಗೆದುಕೊಂಡ ಒಂದು ಯೂನಿಟ್ಟೂ ಅದಕ್ಕೆ ಒಂದೇ. ಕರೆಂಟು ತಯಾರಿಸುವ ಖರ್ಚು, ಕಂಬ, ತಂತಿ, ಟ್ರಾನ್ಸ್‌ಫಾರ್ಮರ್ ಎಲ್ಲ ಸೇರಿ ಆಗುವ ದರವೇ ಮನೆಯವರಿಗೂ ಸಿಕ್ಕಿತು. ಆಗ ಸೋಲಾರ್ ಮನೆಗಳು ಬೆರಳೆಣಿಕೆಯಷ್ಟು. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಕರೆಂಟು ಹೊರಗೆ ಹೋಗುವುದು ಹೇಗೆ ಎಂದು ಇಲ್ಲೇ ಹೇಳಿಬಿಡುತ್ತೇನೆ. ಪ್ಯಾನೆಲ್‌ನಿಂದ ಬರುವುದು ಡಿಸಿ, ಒಂದೇ ದಿಕ್ಕಿಗೆ ಹರಿಯುವ ಕರೆಂಟು. ಇನ್ವರ್ಟರ್ ಅದನ್ನು ದಿಕ್ಕು ಬದಲಿಸುತ್ತಾ ಹರಿಯುವ ಎಸಿ ಮಾಡಿ, ಗ್ರಿಡ್‌ನ ತಾಳಕ್ಕೆ ಹೆಜ್ಜೆ ಕೂಡಿಸುತ್ತದೆ. ಹೊರಗೆ ತಳ್ಳಬೇಕಾದರೆ ಮನೆಯ ಕಡೆ ವೋಲ್ಟೇಜ್ ಲೈನಿಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಹೊರಬಿದ್ದ ಕರೆಂಟು ಬಹಳ ದೂರ ಹೋಗುವುದೂ ಇಲ್ಲ. ಸಾಮಾನ್ಯವಾಗಿ ಪಕ್ಕದ ಮನೆಯ ಫ್ರಿಜ್ಜೇ ಅದನ್ನು ನುಂಗುತ್ತದೆ. ಒಂದೇ ಲೈನಿನಲ್ಲಿ ಹತ್ತಾರು ಮನೆಗಳು ಒಟ್ಟಿಗೆ ತಳ್ಳಿದರೆ ಮಾತ್ರ ವೋಲ್ಟೇಜ್ ಏರುತ್ತದೆ. ಮಿತಿ ದಾಟಿದಾಗ ಇನ್ವರ್ಟರ್ ತಾನೇ ಕಳಚಿಕೊಳ್ಳುತ್ತದೆ. ಹಾಗಾಗಿ ಬಿಸಿಲು ಜೋರಾಗಿರುವ ಹೊತ್ತಿನಲ್ಲೇ ಕರೆಂಟು ಕೊಡಲಾಗದ ಫಜೀತಿ ಆಗುವುದುಂಟು.

ಇನ್ನೊಂದು ವಿಷಯಕ್ಕೆ ಹೊಸಬರು ಬೇಸ್ತು ಬೀಳುತ್ತಾರೆ. ಗ್ರಿಡ್‌ನಲ್ಲಿ ಕರೆಂಟು ಹೋದರೆ, ಮೇಲೆ ಬಿಸಿಲು ಸುಡುತ್ತಿದ್ದರೂ ಮನೆಯಲ್ಲಿ ಫ್ಯಾನು ತಿರುಗುವುದಿಲ್ಲ. ಕಂಬ ಹತ್ತಿದ ಲೈನ್‌ಮನ್ ತಂತಿಯಲ್ಲಿ ಕರೆಂಟಿಲ್ಲ ಎಂದುಕೊಂಡಿರುವಾಗ ನಿಮ್ಮ ಮನೆಯಿಂದ ಹರಿದು ಬಂದರೆ ಗತಿ? ಅದಕ್ಕೇ ಇನ್ವರ್ಟರ್ ಕೂಡಲೇ ನಿಲ್ಲಬೇಕು ಎಂಬ ನಿಯಮ. ಬ್ಯಾಟರಿಯೂ, ಗ್ರಿಡ್‌ನಿಂದ ಮನೆಯನ್ನು ಬೇರ್ಪಡಿಸುವ ಸ್ವಿಚ್ಚೂ ಇದ್ದವರ ಮಾತು ಬೇರೆ.

ಯುರೋಪ್ ಬೇರೆ ದಾರಿ ಹಿಡಿಯಿತು. 1991ರಲ್ಲಿ ಜಾರಿಗೆ ಬಂದ ಜರ್ಮನಿಯ ಕಾನೂನು ಸೋಲಾರ್‌ಗೆ ಕೊಡಿಸಿದ್ದು ಗ್ರಾಹಕರ ಸರಾಸರಿ ದರದ ನೂರಕ್ಕೆ 90 ಭಾಗ. ಹಾಕಿದ ದುಡ್ಡು ವಾಪಸ್ ಬರಲು ಅದು ಎಲ್ಲಿಗೂ ಸಾಲುತ್ತಿರಲಿಲ್ಲ. ಆದರೆ ಸ್ವಿಟ್ಜರ್ಲೆಂಡಿನ ಬುರ್ಗ್‌ಡಾರ್ಫ್ ಎಂಬ ಪುಟ್ಟ ಊರು ಅದೇ ಹೊತ್ತಿಗೆ ಯೂನಿಟ್ಟಿಗೆ 1 ಫ್ರಾಂಕ್ ಕೊಡತೊಡಗಿತ್ತು. 1995ರಲ್ಲಿ ಜರ್ಮನಿಯ ಆಖೆನ್ ನಗರ 2 ಮಾರ್ಕ್ ಕೊಟ್ಟಿತು. ಮಾರುಕಟ್ಟೆ ದರ ಎಷ್ಟು ಎಂದು ಇವರು ನೋಡಲಿಲ್ಲ. ಹಾಕಿಸಿದವರ ಖರ್ಚು ಗಿಟ್ಟಲು ಎಷ್ಟು ಬೇಕು ಎಂದು ನೋಡಿದರು. 2000ದಲ್ಲಿ ಜರ್ಮನಿ ಇದನ್ನು ದೇಶಕ್ಕೆಲ್ಲ ಹಬ್ಬಿಸಿತು. ಯೂನಿಟ್ಟಿಗೆ 99 ಫೆನಿಗ್ (100 ಫೆನಿಗ್ ಅಂದರೆ 1 ಮಾರ್ಕ್), 20 ವರ್ಷ ಖಾತ್ರಿ. ಮನೆಗಳು ತಮ್ಮ ಬಿಲ್ಲಿಗೆ ಕೊಡುತ್ತಿದ್ದ ದರದ ಮೂರು ಪಟ್ಟಿಗೂ ಜಾಸ್ತಿ!

ದುಡ್ಡು ಎಲ್ಲಿಂದ ಬಂತು? ಎಲ್ಲ ಗ್ರಾಹಕರ ಬಿಲ್ಲಿನಲ್ಲೂ ಒಂದು ಸಾಲು ಸೇರಿತು. ಸ್ವಂತ ಚಾವಣಿ ಇಲ್ಲದ ಬಾಡಿಗೆದಾರರೂ ಕಟ್ಟಿದರು. 2022ರ ಜುಲೈನಲ್ಲಿ ಆ ಸಾಲನ್ನು ತೆಗೆದು, ಖರ್ಚನ್ನು ಸರ್ಕಾರವೇ ಹೊತ್ತಿತು. ಇದನ್ನು ದುಂದು ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಜರ್ಮನಿಯ ಆ ಬೇಡಿಕೆ ನೋಡಿಯೇ ಚೀನಾದಲ್ಲಿ ಕಾರ್ಖಾನೆಗಳು ಎದ್ದವು. 2010ರ ನಂತರದ ಹತ್ತು ವರ್ಷಗಳಲ್ಲಿ ಪ್ಯಾನೆಲ್ ಬೆಲೆ ನೂರಕ್ಕೆ 90ರಷ್ಟು ಇಳಿಯಿತು. ಜರ್ಮನಿಯ ಬಿಲ್ಲಿನ ಆ ಸಾಲಿನ ಫಲವನ್ನು ಇವತ್ತು ಪ್ಯಾನೆಲ್ ಹಾಕಿಸುವ ಎಲ್ಲರೂ ಉಣ್ಣುತ್ತಿದ್ದಾರೆ.

ಅಗ್ಗವಾದದ್ದೇ ತಡ, ತಟ್ಟೆಯ ಲೆಕ್ಕ ಕೈಕೊಟ್ಟಿತು. ಲಕ್ಷಾಂತರ ಮನೆಗಳು ಮಧ್ಯಾಹ್ನ ಒಟ್ಟಿಗೆ ಸುರಿಯುತ್ತವೆ, ಸೂರ್ಯ ಮುಳುಗಿದ ಕೂಡಲೇ ಒಟ್ಟಿಗೆ ಕೇಳುತ್ತವೆ. ಕ್ಯಾಲಿಫೋರ್ನಿಯಾದ ಗ್ರಿಡ್ ನೋಡಿಕೊಳ್ಳುವವರು 2013ರಲ್ಲಿ ಇದರ ನಕ್ಷೆ ಬರೆದರು, ಸೋಲಾರ್ ಕಳೆದು ಬೇರೆ ಕಡೆಯಿಂದ ಯಾವ ಹೊತ್ತಿಗೆ ಎಷ್ಟು ಕರೆಂಟು ಬೇಕು ಎಂದು ತೋರಿಸುವ ಗೆರೆ. ನಡುಹಗಲು ಜೋತುಬಿದ್ದ ಹೊಟ್ಟೆ, ಸಂಜೆ ನೆಟ್ಟಗೆ ಏರುವ ಕತ್ತು. ನೋಡಲು ಬಾತುಕೋಳಿ ಥರ ಇದ್ದುದರಿಂದ ಅದೇ ಹೆಸರು ನಿಂತಿತು. ಆ ಕತ್ತಿಗಾಗಿ ಕಂಪನಿಗಳು ಬೇರೆ ಸ್ಥಾವರಗಳ ಉತ್ಪಾದನೆಯನ್ನು ಗಡಿಬಿಡಿಯಲ್ಲಿ ಹೆಚ್ಚಿಸಬೇಕು. ಸೋಲಾರ್ ಮನೆಯವರ ಬಿಲ್ಲು ಸೊನ್ನೆಯಾದರೆ ಕಂಬ ತಂತಿಗಳ ಖರ್ಚು ಪಕ್ಕದ ಮನೆಯವರ ತಲೆಗೆ ಎಂಬ ವಾದವೂ ಎದ್ದಿತು.

ವಾದದಲ್ಲಿ ಹುರುಳಿದೆ. ಆದರೆ ಅದನ್ನು ಸರಿಪಡಿಸುವ ರೀತಿ ಎಲ್ಲ ಕಡೆ ಚೆನ್ನಾಗಿರಲಿಲ್ಲ. 2015ರ ಕೊನೆಗೆ ಅಮೆರಿಕದ ನೆವಾಡ ರಾಜ್ಯ ಹಳೇ ಗ್ರಾಹಕರಿಗೂ ಸೇರಿಸಿ ದರ ಕತ್ತರಿಸಿತು. ಸಾಲ ಮಾಡಿ ಪ್ಯಾನೆಲ್ ಹಾಕಿಸಿದವರ ಲೆಕ್ಕವೆಲ್ಲ ತಲೆಕೆಳಗಾಯಿತು. ಗಲಾಟೆ ಎಷ್ಟಾಯಿತೆಂದರೆ 2017ರಲ್ಲಿ ಹೊಸ ಕಾನೂನು ತಂದು ನೆಟ್ ಮೀಟರಿಂಗನ್ನು ಮತ್ತೆ ಕೂರಿಸಬೇಕಾಯಿತು. ಆಡಿದ ಮಾತಿಗೆ ತಪ್ಪಿದರೆ ಜನ ಸುಮ್ನೆ ಬಿಡುತ್ತಾರಾ? ಕ್ಯಾಲಿಫೋರ್ನಿಯಾ ಹಳಬರನ್ನು ಮುಟ್ಟಲಿಲ್ಲ. 2023ರ ಏಪ್ರಿಲ್ 15ರಿಂದ ಅರ್ಜಿ ಹಾಕಿದವರಿಗೆ ಮಾತ್ರ ಹೊರಗೆ ಕೊಡುವ ಕರೆಂಟಿನ ದರ ಸುಮಾರು ಮುಕ್ಕಾಲು ಪಾಲು ಇಳಿಯಿತು. ಮಧ್ಯಾಹ್ನಕ್ಕೆ ಒಂದು ದರ, ಸಂಜೆಗೆ ಇನ್ನೊಂದು. ಹೊಸಬರು ಬ್ಯಾಟರಿಯ ಕಡೆ ಹೊರಳಿದರು. ನೆದರ್ಲೆಂಡ್ಸ್ ಕೂಡ 2027ರ ಜನವರಿ 1ರಿಂದ ಕೊಟ್ಟದ್ದನ್ನು ಕೊಂಡದ್ದರಲ್ಲಿ ಕಳೆಯುವ ಪದ್ಧತಿಯನ್ನೇ ನಿಲ್ಲಿಸಲು ತೀರ್ಮಾನಿಸಿದೆ.

ಬಾತುಕೋಳಿಯ ಹೊಟ್ಟೆ ಇನ್ನಷ್ಟು ಜೋತುಬಿದ್ದಿರುವುದು ಆಸ್ಟ್ರೇಲಿಯಾದಲ್ಲಿ. ಅಲ್ಲಿ ಮೂರು ಮನೆಗೆ ಒಂದರ ಮೇಲೆ ಪ್ಯಾನೆಲ್ ಇದೆ. 2020ರ ಅಕ್ಟೋಬರ್‌ನಲ್ಲಿ ಒಂದು ತಾಸಿನ ಮಟ್ಟಿಗೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ಬೇಡಿಕೆಯೆಲ್ಲ ಸೋಲಾರ್‌ನಿಂದಲೇ ತೀರಿತು. ಗ್ರಿಡ್‌ಗೆ ಗಂಡಾಂತರ ಬಂದಾಗ ಮನೆಯ ಪ್ಯಾನೆಲ್‌ಗಳನ್ನು ದೂರದಿಂದಲೇ ಆಫ್ ಮಾಡಲು ಬರುವಂತಿರಬೇಕು ಎಂದು ಆ ರಾಜ್ಯ ಅದೇ ವರ್ಷ ನಿಯಮ ಮಾಡಿತ್ತು. ಬೆಳಿಗ್ಗೆ 10ರಿಂದ ಮಧ್ಯಾಹ್ನ 3ರವರೆಗೆ ಕರೆಂಟು ಸೋವಿ ಎಂಬ ದರವೂ ಅಲ್ಲಿ ಬಂತು. ನಡುಹಗಲಿನ ಹೆಚ್ಚುವರಿ ಕರೆಂಟನ್ನು ಹೀರಿಕೊಳ್ಳುವುದರಿಂದ ಅದನ್ನು ಸೋಲಾರ್ ಸ್ಪಂಜು ಅನ್ನುತ್ತಾರೆ. ಹಿಂದೆ ಅಲ್ಲಿ ನೀರು ಕಾಯಿಸುವ ಗೀಸರ್‌ಗಳು ಕರೆಂಟು ಅಗ್ಗವಾಗಿದ್ದ ನಡುರಾತ್ರಿಯಲ್ಲಿ ಆನ್ ಆಗುತ್ತಿದ್ದವು. ಈಗ ಅವುಗಳ ಟೈಮರನ್ನು ನಡುಹಗಲಿಗೆ ತಿರುಗಿಸುತ್ತಿದ್ದಾರೆ.