ಅಹಂಕಾರ ಅಂದರೆ ಬರೀ ಸೊಕ್ಕಲ್ಲ

ಮದುವೆ ಛತ್ರದಲ್ಲಿ ಉಗ್ರಾಣ ಅಂತ ಒಂದು ಕೋಣೆ ಇರುತ್ತದೆ. ಅಕ್ಕಿ, ಬೇಳೆ, ತುಪ್ಪದ ಡಬ್ಬ, ತೆಂಗಿನಕಾಯಿ ಮೂಟೆ, ತಾಂಬೂಲದ ಚೀಲ ಎಲ್ಲಾ ಅಲ್ಲೇ. ಅದರ ಕೀ ಯಾರ ಹತ್ತಿರ ಇರುತ್ತದೋ ಅವರನ್ನು ಕೇಳದೆ ಅಡುಗೆ ಭಟ್ಟರು ಒಂದು ಹಿಡಿ ಗೋಡಂಬಿ ಕೂಡ ತೆಗೆಯುವ ಹಾಗಿಲ್ಲ. ತಂಗಿಯ ಮದುವೆಯಲ್ಲಿ ಆ ಕೀ ನನ್ನ ಸೊಂಟದಲ್ಲಿತ್ತು. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಊಟ ಇಲ್ಲ, ಯಾರಾದರೂ "ನೀನು ಸ್ವಲ್ಪ ಕೂತ್ಕೋ" ಅಂದರೆ "ನಾನು ಕೂತರೆ ಆಯ್ತು ಬಿಡಿ" ಅನ್ನುವ ಉತ್ತರ ಬಾಯಲ್ಲೇ ರೆಡಿ.

ವರಪೂಜೆಯ ರಾತ್ರಿ ಜ್ವರ ಬಂತು. ಯಾರೋ ಮಾತ್ರೆ ಕೊಟ್ಟು ಮೇಲಿನ ರೂಮಿನಲ್ಲಿ ಮಲಗಿಸಿದರು. ಎಚ್ಚರವಾದಾಗ ಬೆಳಗ್ಗೆ ಎಂಟೂವರೆ. ಕೀ ಇನ್ನೂ ಸೊಂಟದಲ್ಲೇ ಇತ್ತು. ಎದೆ ಧಸಕ್ ಅಂತು, ಓಡಿ ಕೆಳಗೆ ಬಂದೆ. ನೋಡಿದರೆ ತಿಂಡಿಯ ಎರಡನೇ ಪಂಕ್ತಿ ನಡೆಯುತ್ತಿದೆ. ಉಗ್ರಾಣದ ಬಾಗಿಲು ಹಾರು ಹೊಡೆದಿದೆ. ಛತ್ರದ ಮ್ಯಾನೇಜರ್ ಹತ್ತಿರ ಇನ್ನೊಂದು ಕೀ ಇತ್ತಂತೆ. "ಪಾಪ, ಮಲಗಿರಲಿ ಅಂತ ಎಬ್ಬಿಸಲಿಲ್ಲ" ಅಂದರು ಚಿಕ್ಕಪ್ಪ.

ಸಮಾಧಾನ ಆಗಬೇಕಿತ್ತು, ಅಲ್ವಾ? ನನಗೆ ಅಳು ಬಂತು. ಆಮೇಲೆ ಸುಮ್ನೆ ಇರದೆ ಕೇಸರಿಬಾತಿಗೆ ದ್ರಾಕ್ಷಿ ಕಡಿಮೆಯಾಗಿದೆ ಅಂತ ಭಟ್ಟರ ಮೇಲೆ ರೇಗಿದೆ.

ಆಗ ನನ್ನೊಳಗೆ ಎದ್ದದ್ದಕ್ಕೆ ಏನು ಹೆಸರು ಅಂತ ಬಹಳ ದಿನ ಗೊತ್ತಿರಲಿಲ್ಲ. ಅಹಂಕಾರ ಅಂತ ಯಾರಾದರೂ ಹೇಳಿದ್ದರೆ ಜಗಳಕ್ಕೇ ಹೋಗುತ್ತಿದ್ದೆ. ಯಾಕೆಂದರೆ ಕನ್ನಡದಲ್ಲಿ ನಾವು ಈ ಪದವನ್ನು ಬಳಸುವುದು ಒಂದೇ ಅರ್ಥದಲ್ಲಿ: ಸೊಕ್ಕು, ಕೊಬ್ಬು, ಜಂಬ. ದುಡ್ಡು ಬಂದ ಮೇಲೆ ಮಾತಾಡಿಸದವನು ಅಹಂಕಾರಿ. ಹೊಸ ಕಾರಿನ ಗಾಜು ಇಳಿಸದವನು ಅಹಂಕಾರಿ. ಎಲ್ಲರಿಗೂ ಬಡಿಸಿ ತಾನು ಕೊನೆಗೆ ತಳ ಹತ್ತಿದ ಅನ್ನ ತಿನ್ನುವವರನ್ನು ಅಹಂಕಾರಿ ಅಂತ ಯಾರು ಅನ್ನುತ್ತಾರೆ?

ಪದದ ಹಳೆಯ ಅರ್ಥ ಮಾತ್ರ ಅವರನ್ನೂ ಬಿಡುವುದಿಲ್ಲ.

ಬಿಡಿಸಿ ನೋಡಿ. ಅಹಂ ಅಂದರೆ ನಾನು. ಕಾರ ಅನ್ನುವುದನ್ನು ಎರಡು ರೀತಿ ಓದಬಹುದು. ಕುಂಭಕಾರ ಅಂದರೆ ಮಡಕೆ ಮಾಡುವವನು, ಚಿತ್ರಕಾರ ಅಂದರೆ ಚಿತ್ರ ಬರೆಯುವವನು. ಹಾಗೆ ನೋಡಿದರೆ ಅಹಂಕಾರ ಅಂದರೆ 'ನಾನು' ಅನ್ನುವುದನ್ನು ತಯಾರು ಮಾಡುವಂಥದ್ದು. ಇನ್ನೊಂದು, ಸ್ಕೂಲಿನಲ್ಲಿ ಅಕಾರ, ಇಕಾರ ಅಂತ ಕಲಿತೆವಲ್ಲ, ಓಂಕಾರ ಅನ್ನುತ್ತೇವಲ್ಲ, ಆ ಥರ: 'ನಾನು, ನಾನು' ಅನ್ನುವ ಉಲಿ. ಎರಡರಲ್ಲಿ ಯಾವುದನ್ನು ಹಿಡಿದರೂ ಸೊಕ್ಕಿನ ಸುದ್ದಿಯೇ ಇಲ್ಲ. ಛಾಂದೋಗ್ಯ ಉಪನಿಷತ್ತಿನ ಏಳನೇ ಅಧ್ಯಾಯದಲ್ಲಿ ಈ ಪದ ಬರುತ್ತದೆ. ಅಲ್ಲಿ ಅದು ಬೈಗುಳ ಅಲ್ಲವೇ ಅಲ್ಲ. ನಾನೇ ಕೆಳಗೆ, ನಾನೇ ಮೇಲೆ, ನಾನೇ ಹಿಂದೆ, ನಾನೇ ಮುಂದೆ, ಇದೆಲ್ಲವೂ ನಾನೇ ಅಂತ ಎಲ್ಲೆಲ್ಲೂ ತುಂಬಿಕೊಂಡಿರುವುದರ ಮಾತು ಅದು. (ತಂಗಿ ಮದುವೆಯಲ್ಲಿ ನಾನೂ ಹಾಗೇ ಇದ್ದೆ, ಅರ್ಥ ಮಾತ್ರ ಬೇರೆ.)

ಸಾಂಖ್ಯ ಅನ್ನುವ ಹಳೆಯ ಭಾರತೀಯ ದರ್ಶನದವರು ಇದನ್ನು ಯಂತ್ರದ ಒಂದು ಭಾಗದ ಥರ ವಿವರಿಸುತ್ತಾರೆ. ಮನಸ್ಸು, ಬುದ್ಧಿ ಇರುವ ಹಾಗೆ ಅಹಂಕಾರವೂ ಒಳಗಿನ ಒಂದು ಸಾಧನ. ಕಣ್ಣು ನೋಡುತ್ತದೆ, ಕೈ ಹಿಡಿಯುತ್ತದೆ, ಅಹಂಕಾರ ಬಂದು 'ಇದು ನನ್ನದು, ಇದನ್ನು ಮಾಡಿದ್ದು ನಾನು' ಅಂತ ಸೀಲು ಒತ್ತುತ್ತದೆ. ಈಶ್ವರಕೃಷ್ಣನ ಸಾಂಖ್ಯಕಾರಿಕೆ ಅದಕ್ಕೆ ಕೊಡುವ ವ್ಯಾಖ್ಯೆ ಎರಡೇ ಪದ: ಅಭಿಮಾನವೇ ಅಹಂಕಾರ. ಇಲ್ಲಿ ಕನ್ನಡದವರಿಗೆ ಒಂದು ತಮಾಷೆ ಕಾದಿದೆ. ನಮಗೆ ಅಭಿಮಾನ ಅಂದರೆ ಒಳ್ಳೆಯದು, ಭಾಷಾಭಿಮಾನ, ಸ್ವಾಭಿಮಾನ, ರಾಜ್‌ಕುಮಾರ್ ಬಾಯಲ್ಲಿ ಅಭಿಮಾನಿಗಳು ದೇವರೇ ಆಗಿಬಿಟ್ಟರು. ಅಲ್ಲಿ ಅದು ಬೇರೆ. ನನ್ನದಲ್ಲದ್ದಕ್ಕೆ ನನ್ನ ಹೆಸರು ಅಂಟಿಸಿಕೊಳ್ಳುವುದು ಅಭಿಮಾನ.

ಗೀತೆಯ ಮೂರನೇ ಅಧ್ಯಾಯದ 27ನೇ ಶ್ಲೋಕವೂ ಇದನ್ನೇ ಹೇಳುತ್ತದೆ. ಕೆಲಸಗಳೆಲ್ಲ ಪ್ರಕೃತಿಯ ಗುಣಗಳಿಂದ ಆಗುತ್ತಿರುತ್ತವೆ, ಅಹಂಕಾರದಿಂದ ಮಂಕಾದವನು 'ಕರ್ತಾಹಂ', ಅಂದರೆ ಮಾಡುವವನು ನಾನು, ಅಂದುಕೊಳ್ಳುತ್ತಾನೆ. ಅವನು ಮೆರೆಯುತ್ತಾನೆ ಅಂತಲೋ, ಬೇರೆಯವರನ್ನು ಕೀಳಾಗಿ ನೋಡುತ್ತಾನೆ ಅಂತಲೋ ಅಲ್ಲಿ ಇಲ್ಲ.

ಮನೋವಿಶ್ಲೇಷಣೆ ಶುರು ಮಾಡಿದ ಫ್ರಾಯ್ಡ್ ವಿಷಯದಲ್ಲೂ ಇದೇ ಕಥೆ. 1923ರಲ್ಲಿ ಅವರು ಬರೆದದ್ದು 'ಇಷ್' ಅಂತ. ಜರ್ಮನ್‌ನಲ್ಲಿ ಚಿಕ್ಕ ಮಗು ಕೂಡ ದಿನಾ ಬಳಸುವ 'ನಾನು' ಅದು. ಇಂಗ್ಲಿಷಿಗೆ ಹೋಗುವಾಗ ಅದಕ್ಕೆ ಲ್ಯಾಟಿನ್ನಿನ 'ಈಗೋ' ಅಂಟಿತು. ಅದು ನಮ್ಮಲ್ಲಿಗೆ ಬರುವ ಹೊತ್ತಿಗೆ 'ಅವನಿಗೆ ಈಗೋ ಜಾಸ್ತಿ ಗುರು' ಆಗಿದೆ. ಫ್ರಾಯ್ಡ್ ಹೇಳಿದ್ದರಲ್ಲಿ ಜಾಸ್ತಿ ಕಡಿಮೆ ಅಂತೇನೂ ಇರಲಿಲ್ಲ, ಎಲ್ಲರಿಗೂ ಇರುವ, ಒಳಗಿನ ಆಸೆ ಮತ್ತು ಹೊರಗಿನ ಲೋಕದ ನಡುವೆ ಒದ್ದಾಡುವ ಒಂದು ಭಾಗ ಅಷ್ಟೇ.

ಸರಿ, ತ್ಯಾಗಕ್ಕೆ ಬರೋಣ. ಈ ಸೀಲು ಒತ್ತುವ ಯಂತ್ರಕ್ಕೆ ಅತಿ ಇಷ್ಟವಾದ ಊಟ ತ್ಯಾಗ ಅಂತ ನನ್ನ ಅಭಿಪ್ರಾಯ. ದುಡ್ಡಿನ ಜಂಬವನ್ನು ಊರೆಲ್ಲಾ ಆಡಿಕೊಳ್ಳುತ್ತದೆ. ತ್ಯಾಗದ ಜಂಬವನ್ನು ಯಾರೂ ಮುಟ್ಟುವುದಿಲ್ಲ. 'ಗಂಧದ ಕೊರಡಿನ ಥರ ಈ ಮನೆಗೆ ಜೀವ ತೇಯ್ದೆ', 'ನಾನಿಲ್ಲದ ದಿನ ಗೊತ್ತಾಗುತ್ತೆ ನಿಮಗೆ', 'ನನಗೇನೂ ಬೇಡಪ್ಪ, ನೀವು ಚೆನ್ನಾಗಿದ್ರೆ ಸಾಕು'. ಈ ಮೂರು ಮಾತು ಕೇಳದ ಮನೆ ನಮ್ಮಲ್ಲಿ ಇದೆಯಾ? ಮೂರರಲ್ಲೂ ಹೇಳುವವರಿಗೆ ನಿಜವಾದ ಸುಸ್ತು ಇದೆ, ಅದು ಸುಳ್ಳಲ್ಲ. ಜೊತೆಗೆ ಒಂದು ಲೆಕ್ಕದ ಪುಸ್ತಕವೂ ಇದೆ.

ಕೋಳಿ ಅಜ್ಜಿಯ ಕಥೆ ನೆನಪಿದೆಯಾ? ಊರಿಗೆಲ್ಲ ಅವಳದೊಂದೇ ಹುಂಜ. ಅದು ಕೂಗಿದರೆ ಬೆಳಗಾಗುತ್ತದೆ, ಎಲ್ಲರೂ ಬೆಂಕಿಗೆ ಅವಳ ಒಲೆಗೇ ಬರಬೇಕು. ಒಂದು ದಿನ ಊರವರ ಮೇಲೆ ಮುನಿಸಿಕೊಂಡು ಹುಂಜ ಮತ್ತು ಬೆಂಕಿ ಎರಡನ್ನೂ ಎತ್ತಿಕೊಂಡು ಕಾಡಿಗೆ ಹೋದಳು. ಹೇಗೆ ಬೆಳಗಾಗುತ್ತೋ ನೋಡೇ ಬಿಡ್ತೀನಿ ಅಂತ. ಬೆಳಗಾಯಿತು. ಒಲೆಗಳೂ ಉರಿದವು. ಮಕ್ಕಳಿಗೆ ಇದನ್ನು ಜಂಬದ ಅಜ್ಜಿಯ ಕಥೆ ಅಂತ ಹೇಳುತ್ತೇವೆ. ಆದರೆ ಅಜ್ಜಿಯ ಕಡೆಯಿಂದ ನೋಡಿ. ಅವಳ ಪ್ರಕಾರ ಅವಳು ಮಾಡುತ್ತಿದ್ದದ್ದು ಸೇವೆ. ಇಷ್ಟು ವರ್ಷ ಈ ಊರಿಗೆ ಬೆಳಕು ಕೊಟ್ಟೆ ಅಂತಲೇ ಅವಳು ನಂಬಿದ್ದಳು. ಆ ಮೊದಲ ಬೆಳಗ್ಗೆ ಕಾಡಿನಲ್ಲಿ ಕೂತು, ಊರಿನ ಕಡೆ ಹೊಗೆ ಏಳುವುದನ್ನು ನೋಡಿ ಅವಳಿಗೆ ಏನನ್ನಿಸಿತೋ, ಅದು ನನಗೆ ಛತ್ರದಲ್ಲಿ ಅನ್ನಿಸಿತ್ತು.

ಅಮೆರಿಕದ ಮನೋವೈದ್ಯ ಸ್ಟೀಫನ್ ಕಾರ್ಪ್‌ಮನ್ 1968ರಲ್ಲಿ ಇದಕ್ಕೆ ಒಂದು ತ್ರಿಕೋನ ಬರೆದು ತೋರಿಸಿದರು. ಜಗಳವಿರುವ ಸಂಬಂಧಗಳಲ್ಲಿ ಜನ ಮೂರು ಪಾತ್ರ ಹಾಕುತ್ತಾರೆ: ಬಲಿಪಶು, ಪೀಡಿಸುವವ, ಕಾಪಾಡುವವ. ಬಾವಿಗೆ ಬಿದ್ದವರನ್ನು ಎತ್ತುವ ನಿಜವಾದ ಕಾಪಾಡುವಿಕೆಯ ಮಾತಲ್ಲ ಇದು. ಯಾರೂ ಕೇಳದಿದ್ದರೂ ಕಾಪಾಡುವ ಪಾತ್ರ. ಮಜಾ ಇರುವುದು ಪಾತ್ರ ಬದಲಾಗುವುದರಲ್ಲಿ. ಕಾಪಾಡುವವ 'ಇಷ್ಟೆಲ್ಲಾ ಮಾಡಿದೆ, ಒಂದು ಥ್ಯಾಂಕ್ಸ್ ಇಲ್ಲ' ಅಂದ ತಕ್ಷಣ ಬಲಿಪಶು ಆಗುತ್ತಾನೆ, ಮರುಕ್ಷಣ ದ್ರಾಕ್ಷಿ ಕಡಿಮೆ ಅಂತ ಭಟ್ಟರ ಮೇಲೆ ಹಾರಿ ಪೀಡಿಸುವವನೂ ಆಗುತ್ತಾನೆ. ನನಗೆ ಮೂರನ್ನೂ ಸುತ್ತಿ ಬರಲು ಹತ್ತು ನಿಮಿಷ ಹಿಡಿದಿರಬಹುದು.

ಇದನ್ನು ಬಸವಣ್ಣ 12ನೇ ಶತಮಾನದಲ್ಲೇ ಇನ್ನೂ ಚುರುಕಾಗಿ ಹೇಳಿದ್ದಾರೆ. 'ಮಾಡಿದೆನೆಂಬುದು ಮನದಲಿ ಹೊಳೆದಡೆ ಏಡಿಸಿ ಕಾಡಿತ್ತು ಶಿವನ ಡಂಗುರ.' ಏಡಿಸುವುದು ಅಂದರೆ ಅಣಕಿಸುವುದು. ಗಮನಿಸಿ, ಬಾಯಿಬಿಟ್ಟು ಹೇಳಿಕೊಂಡರೆ ಅಂತ ಇಲ್ಲ. ಮನಸ್ಸಿನಲ್ಲಿ ಹೊಳೆದರೇ ಸಾಕು, ಡಂಗುರ ಹೊಡೆದು ಅಣಕಿಸುತ್ತದಂತೆ. ಈ ಮಾತು ಬಂದಿರುವುದು ಮೆರೆಯುವ ಸಿರಿವಂತರ ಬಗ್ಗೆ ಅಲ್ಲ, ಲಿಂಗಕ್ಕೆ ಜಂಗಮಕ್ಕೆ ಸೇವೆ ಮಾಡುವವರ ಬಗ್ಗೆ. ದಾಸೋಹ ಮಾಡುವ ಜಾಗದಲ್ಲೇ ಈ ಎಚ್ಚರ ಬೇಕು ಅಂತ ಅವರಿಗೆ ಅನ್ನಿಸಿದ್ದು ನನಗೆ ದೊಡ್ಡ ವಿಷಯ.

ಹಾಗಾದರೆ ಬಿಡುವುದು ಅಂದರೆ ಏನು? ಇಲ್ಲಿ ಕನ್ನಡವೇ ಸಹಾಯಕ್ಕೆ ಬರುತ್ತದೆ. ನಮ್ಮಲ್ಲಿ ಬಿಟ್ಟುಕೊಡುವುದು ಬೇರೆ, ಬಿಟ್ಟುಬಿಡುವುದು ಬೇರೆ. ತಮ್ಮನಿಗೆ ಸೈಟು ಬಿಟ್ಟುಕೊಟ್ಟೆ ಅನ್ನುತ್ತೇವೆ. ಅಲ್ಲಿ ಕೊಟ್ಟವರಿದ್ದಾರೆ, ತೆಗೆದುಕೊಂಡವರಿದ್ದಾರೆ, ಇಪ್ಪತ್ತು ವರ್ಷವಾದರೂ ಅಳಿಯದ ನೆನಪಿದೆ. ಸಿಗರೇಟು ಬಿಟ್ಟುಬಿಟ್ಟೆ ಅಂದಾಗ ಯಾರಿಗೂ ಕೊಟ್ಟದ್ದಿಲ್ಲ, ಕೈ ತೆರೆದದ್ದಷ್ಟೇ. ನಾವು ತ್ಯಾಗಮಯಿ ಅಂತ ಹೊಗಳುವುದು ಬಿಟ್ಟುಕೊಟ್ಟವರನ್ನು. ಗೀತೆಯ ಹದಿನೆಂಟನೇ ಅಧ್ಯಾಯ ತ್ಯಾಗ ಅನ್ನುವುದು ಬಿಟ್ಟುಬಿಡುವುದಕ್ಕೆ: ಕೆಲಸ ಇರಲಿ, ಅದರ ಫಲದ ಮೇಲಿನ ಹಕ್ಕು ಬಿಡು ಅಂತ. ಥ್ಯಾಂಕ್ಸ್ ಕೂಡ ಒಂದು ಫಲವೇ. 'ಅವರಿಲ್ಲದಿದ್ದರೆ ಈ ಮದುವೆ ಆಗುತ್ತಿರಲಿಲ್ಲ' ಅಂತ ಯಾರೋ ಅನ್ನಬೇಕು ಅನ್ನುವುದಂತೂ ಬಲು ಸಿಹಿಯಾದ ಫಲ.

ಕನಕದಾಸರ ಕಥೆ ಗೊತ್ತೇ ಇದೆ. ಮೋಕ್ಷಕ್ಕೆ ಯಾರು ಹೋಗುತ್ತಾರೆ ಅಂತ ವ್ಯಾಸರಾಯರು ಕೇಳಿದಾಗ 'ನಾನು ಹೋದರೆ ಹೋದೇನು' ಅಂದರಂತೆ. ಸುತ್ತ ಇದ್ದವರಿಗೆ ಅದು ಸೊಕ್ಕಿನ ಮಾತಾಗಿ ಕೇಳಿಸಿತು. ಅವರು ಹೇಳಿದ್ದು, 'ನಾನು' ಅನ್ನುವುದು ಹೋದರೆ ಹೋಗಬಹುದೇನೋ ಅಂತ. ಅದರಲ್ಲಿ ನನಗೆ ಹಿಡಿಸುವುದು 'ಹೋದೇನು' ಅನ್ನುವ ರೂಪ. ಹೋಗುತ್ತೇನೆ ಅಲ್ಲ, ಹೋದೇನು. ಆ ಒಂದು ಪದದಲ್ಲೇ ಗ್ಯಾರಂಟಿ ಬಿಟ್ಟುಬಿಟ್ಟಿದ್ದಾರೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. 'ಅಹಂಕಾರ ಬಿಡು' ಅನ್ನುವ ಉಪದೇಶ ನಮ್ಮಲ್ಲಿ ಹೆಚ್ಚಾಗಿ ಬೀಳುವುದು ಸೊಸೆಯ ಮೇಲೆ, ಹಿರಿಮಗಳ ಮೇಲೆ, ಸಂಬಳ ಕೇಳಿದ ಕೆಲಸದವರ ಮೇಲೆ. ಅದು ಅಹಂಕಾರ ಬಿಡಿಸುವುದಲ್ಲ, ಪುಕ್ಕಟೆ ದುಡಿಸುವುದು. 'ಕೆರೆಗೆ ಹಾರ'ದ ಭಾಗೀರಥಿಯನ್ನು ನಾವು ತ್ಯಾಗದ ಮೂರ್ತಿ ಅಂತ ಹಾಡುತ್ತೇವೆ. ಆದರೆ ಸೊಸೆಯನ್ನು ಕೆರೆಗೆ ಕೊಡೋಣ ಅಂತ ತೀರ್ಮಾನ ಮಾಡಿದ್ದು ಮನೆಯ ಹಿರಿಯರು. ಅವಳಿಗೆ ಬಿಡಲು ಕೈಯಲ್ಲಿ ಏನಿತ್ತು? ಕೀ ಯಾರ ಸೊಂಟದಲ್ಲಿದೆಯೋ ಅವರಿಗೆ ಹೇಳಬೇಕಾದ ಮಾತಿದು. ಬೇಡ ಅನ್ನುವ ಹಕ್ಕೇ ಇಲ್ಲದವರು ಮೊದಲು 'ನಾನು' ಅನ್ನುವುದನ್ನು ಕಲಿಯಲಿ, ಬಿಡುವುದು ಆಮೇಲೆ ನೋಡಿಕೊಂಡರಾಯಿತು.

ಕೈ ಸಡಿಲ ಮಾಡುವುದು ಹೇಗಿರುತ್ತದೆ ಅಂತ ನನಗೆ ಗೊತ್ತಿರುವುದು ಸ್ವಲ್ಪವೇ. ಕಳೆದ ವರ್ಷ ಸೋದರತ್ತೆ ಮಗನ ಗೃಹಪ್ರವೇಶ. ಉಗ್ರಾಣ ಅವನ ಹೆಂಡತಿಯ ಕೈಯಲ್ಲಿತ್ತು. ನಾನು ಮೊದಲ ಪಂಕ್ತಿಯಲ್ಲೇ ಕೂತೆ, ಜೀವನದಲ್ಲಿ ಅದೇ ಮೊದಲು ಇರಬೇಕು. ಎಲೆಗೆ ಹೋಳಿಗೆ ಬಿತ್ತು, ತುಪ್ಪ ಬರಲಿಲ್ಲ. ಬಡಿಸುವ ಹುಡುಗರು ಅತ್ತಿತ್ತ ಓಡಾಡುತ್ತಿದ್ದರು. ತುಪ್ಪದ ಡಬ್ಬ ಎಡಗಡೆ ಮೂಲೆಯಲ್ಲಿ ಸಕ್ಕರೆ ಮೂಟೆಯ ಹಿಂದಿದೆ ಅಂತ ನನಗೆ ಗೊತ್ತಿತ್ತು, ಬರುವಾಗಲೇ ನೋಡಿದ್ದೆ. ಮಂಡಿ ತಾನಾಗಿಯೇ ಮೇಲೆದ್ದಿತು. ಮತ್ತೆ ಕೂತೆ. ಸ್ವಲ್ಪ ಹೊತ್ತಿಗೆ ತುಪ್ಪ ಬಂತು, ಬಿಸಿಬಿಸಿಯಾಗಿ, ನಾನು ಹೇಳಿದ್ದರೂ ಇಷ್ಟೇ ಹೊತ್ತಾಗುತ್ತಿತ್ತು.

ನೋಡಿ, ನಾನು ಏನೂ ಹೇಳಲಿಲ್ಲ, ಸುಮ್ನೆ ಕೂತಿದ್ದೆ, ಅಂತ ಪಕ್ಕದ ಎಲೆಯವರಿಗೆ ಹೇಳೋಣ ಅನ್ನಿಸಿತು.