ಅಪ್‌ಡೇಟ್ ಆಗಿದೆ, ರೀಬೂಟ್ ಬಾಕಿ ಇದೆ

ಬಳ್ಳಾರಿಯ ಜೀನ್ಸ್ ಘಟಕವಿರಲಿ, ಗಂಗಾವತಿಯ ಅಕ್ಕಿ ಗಿರಣಿಯಿರಲಿ, ಬಿಲ್ಲಿಂಗು ಮತ್ತು ಸ್ಟಾಕ್ ಲೆಕ್ಕಕ್ಕೆ ಒಂದು ಲಿನಕ್ಸ್ (ವಿಂಡೋಸ್‌ನಂಥದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಸರ್ವರ್ ಇಟ್ಟುಕೊಳ್ಳುವುದು ಈಗ ಹೊಸದೇನಲ್ಲ. ಮೂಲೆಯಲ್ಲೊಂದು ಹಳೆ ಡೆಸ್ಕ್‌ಟಾಪ್, ಇಲ್ಲವೇ ತಿಂಗಳ ಬಾಡಿಗೆಯ ಕ್ಲೌಡ್ ಯಂತ್ರ. ನೋಡಿಕೊಳ್ಳೋಕೆ ಆಗಷ್ಟೇ ಡಿಗ್ರಿ ಮುಗಿಸಿದ ಹುಡುಗನೋ ಹುಡುಗಿಯೋ ಇರುತ್ತಾರೆ. ಅವರು ಹೆಮ್ಮೆಯಿಂದ ಹೇಳುವ ಮಾತು: "ಹಾಕಿದಾಗಿಂದ ಒಂದ್ಸಲಾನೂ ಬಂದ್ ಮಾಡಿಲ್ಲ ಸಾರ್."

ನನಗೆ ಭಯ ಆಗುವುದೇ ಆ ಮಾತಿಗೆ.

ಉಬುಂಟುವಿನಂಥ ಲಿನಕ್ಸ್‌ಗಳಲ್ಲಿ ಪ್ರೋಗ್ರಾಂ ಹಾಕುವ, ಬದಲಿಸುವ ಸಾಧನದ ಹೆಸರು ಆಪ್ಟ್. ‘ಆಪ್ಟ್ ಅಪ್‌ಡೇಟ್’ ಎಂಬ ಆಜ್ಞೆ ಕೊಟ್ಟರೆ ಹೊಸದೇನಿದೆ ಎಂಬ ಪಟ್ಟಿ ಮಾತ್ರ ಬರುತ್ತದೆ. ಹೊಸ ಪ್ಯಾಕೇಜ್ (ಪ್ರೋಗ್ರಾಂನ ಫೈಲ್‌ಗಳ ಕಟ್ಟು) ಕೂರುವುದು ‘ಆಪ್ಟ್ ಅಪ್‌ಗ್ರೇಡ್’ ಕೊಟ್ಟಾಗ. ಇಷ್ಟು ಬಹಳ ಜನಕ್ಕೆ ಗೊತ್ತು. ಗೊತ್ತಿರದಿರುವುದು ಮುಂದಿನದು. ಪ್ಯಾಕೇಜ್ ಡಿಸ್ಕ್‌ಗೆ ಬಂತು ಅಂದಮಾತ್ರಕ್ಕೆ ಓಡುತ್ತಿರುವ ಪ್ರೋಗ್ರಾಂ ಬದಲಾಗುವುದಿಲ್ಲ. ಅದು ಶುರುವಾದಾಗ ಮೆಮೊರಿಗೆ ಎತ್ತಿಕೊಂಡ ಹಳೆ ಲೈಬ್ರರಿಯನ್ನೇ (ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಕೋಡ್) ಹಿಡಿದುಕೊಂಡಿರುತ್ತದೆ. 2014ರ ಏಪ್ರಿಲ್‌ನಲ್ಲಿ, ವೆಬ್ ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿಯಲ್ಲಿ ಹಾರ್ಟ್‌ಬ್ಲೀಡ್ ಎಂಬ ದೋಷ ಬಯಲಾದಾಗ ಇದೇ ಪಾಠ. ಲೈಬ್ರರಿ ಬದಲಿಸಿ ವೆಬ್ ಸರ್ವರ್ ರೀಸ್ಟಾರ್ಟ್ ಮಾಡದಿದ್ದರೆ ತೂತು ಹಾಗೇ ಉಳಿಯುತ್ತಿತ್ತು. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್ ಆದರಂತೂ ಪೂರ್ತಿ ರೀಬೂಟೇ ಬೇಕು. ನಿಲ್ಲಿಸದೆ ಕರ್ನಲ್‌ಗೆ ತೇಪೆ ಹಾಕುವ ಲೈವ್‌ಪ್ಯಾಚ್ ಇದೆ ನಿಜ, ಆದರೆ ಅದು ಎಲ್ಲ ದೋಷಕ್ಕೂ ಮದ್ದಲ್ಲ.

ಉಬುಂಟುನಲ್ಲಿ ಇದನ್ನು ಪತ್ತೆ ಮಾಡುವುದು ಸುಲಭ. ರೀಬೂಟ್ ಬೇಕಾದಾಗ /ವಾರ್/ರನ್ ಫೋಲ್ಡರಿನಲ್ಲಿ ‘ರೀಬೂಟ್-ರಿಕ್ವೈರ್ಡ್’ ಅಂತ ಒಂದು ಫೈಲ್ ಹುಟ್ಟಿಕೊಳ್ಳುತ್ತದೆ. ಲಾಗಿನ್ ಆದಾಗ ಅದೇ ಸೂಚನೆ ಪರದೆಯ ಮೇಲೂ ಬರುತ್ತದೆ. ದಿನಾ ನೋಡಿ ನೋಡಿ ಕಣ್ಣು ಅದನ್ನು ದಾಟಿಸಿಬಿಡುತ್ತದೆ, ಅಷ್ಟೆ.

ಇನ್ನು ಆಟೋಮ್ಯಾಟಿಕ್ ಅಪ್‌ಡೇಟ್. ‘ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್’ ಉಬುಂಟು ಸರ್ವರ್‌ನಲ್ಲಿ ಮೊದಲೇ ಇರುತ್ತದೆ, ಸುರಕ್ಷತೆಯ ಪ್ಯಾಚ್‌ಗಳನ್ನು ತಾನೇ ಹಾಕುತ್ತದೆ. ಆದರೂ ಎಷ್ಟೋ ಕಡೆ ಇದನ್ನು ಆಫ್ ಮಾಡಿರುತ್ತಾರೆ. ಕೇಳಿದರೆ, "ಮಧ್ಯಾಹ್ನ ಗಿರಾಕಿ ಇದ್ದಾಗಲೇ ಬಿಲ್ಲಿಂಗ್ ನಿಂತುಬಿಡ್ತದೆ ಸಾರ್." ಇದರ ಗುಟ್ಟು ಗಡಿಯಾರದಲ್ಲಿದೆ. ಅಪ್‌ಗ್ರೇಡ್ ಕೆಲಸ ಬೆಳಿಗ್ಗೆ 6ರಿಂದ 7ರೊಳಗೆ ಶುರುವಾಗುವಂತೆ ಇಟ್ಟಿರುತ್ತಾರೆ. ಕ್ಲೌಡ್ ಯಂತ್ರದ ಗಡಿಯಾರ ಸಾಮಾನ್ಯವಾಗಿ ಯುಟಿಸಿಯಲ್ಲಿ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಇರುತ್ತದೆ. ಅಲ್ಲಿಯ 6 ಗಂಟೆ ಅಂದರೆ ನಮ್ಮ ಹನ್ನೊಂದೂವರೆ! ಡೇಟಾಬೇಸ್‌ಗೆ ಪ್ಯಾಚ್ ಬಂದರೆ ಅದು ರೀಸ್ಟಾರ್ಟ್ ಆಗುವುದು ಅಂಗಡಿ ತುಂಬಿರುವ ಹೊತ್ತಿಗೇ. ‘ಟೈಮ್‌ಡೇಟ್‌ಸಿಟಿಎಲ್’ ಬಳಸಿ ಸಮಯವಲಯವನ್ನು ಏಷ್ಯಾ/ಕೋಲ್ಕತಾ ಮಾಡಿ ಒಮ್ಮೆ ರೀಬೂಟ್ ಮಾಡಿ. ತಕರಾರು ಮುಗಿಯಿತು. ಅಪ್‌ಡೇಟ್ ಆಫ್ ಮಾಡುವ ಅಗತ್ಯವೇ ಇಲ್ಲ.

ಅಂಗಡಿಯೊಳಗೇ ಇರುವ ಯಂತ್ರಕ್ಕೆ ಬೇರೆ ಕಾಟ: ಕರೆಂಟು. ಪ್ಯಾಕೇಜ್ ಕೂರುತ್ತಿರುವಾಗ ಹೋದರೆ ಕೆಲಸ ಅರ್ಧಕ್ಕೆ ನಿಲ್ಲುತ್ತದೆ, ಮುಂದೆ ಆಪ್ಟ್ ಹಟ ಹಿಡಿಯುತ್ತದೆ. ‘ಡಿಪಿಕೆಜಿ --ಕಾನ್ಫಿಗರ್ -ಎ’ ಕೊಟ್ಟರೆ ಬಹುತೇಕ ಸರಿಹೋಗುತ್ತದೆ. ಆದರೆ ಮೊದಲು ಯುಪಿಎಸ್ ಬ್ಯಾಟರಿ ನೋಡಿ.

ವರ್ಷನ್ ನಂಬರ್ ನೋಡಿ ಗಾಬರಿಯಾಗಬೇಡಿ. 2024ರ ಜುಲೈನಲ್ಲಿ, ದೂರದಿಂದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್‌ನ ದೊಡ್ಡ ದೋಷವೊಂದು ಹೊರಬಂತು, ರೆಗ್ರೆಎಸ್‌ಎಸ್‌ಎಚ್‌ಅಯಾನ್ ಅಂತ ಹೆಸರು. ಉಬುಂಟು 22.04ರಲ್ಲಿ ಪ್ಯಾಚ್ ಆದಮೇಲೂ ವರ್ಷನ್ 8.9 ಅಂತಲೇ ಕಾಣುತ್ತದೆ. ಹಳೆ ವರ್ಷನ್ನಿಗೇ ರಿಪೇರಿ ಸೇರಿಸಿ, ಕೊನೆಯ ಬಾಲದ ಸಂಖ್ಯೆ ಮಾತ್ರ ಬದಲಿಸುತ್ತಾರೆ. ಇದು ಗೊತ್ತಿಲ್ಲದೆ ಹೊಸ ಸೋರ್ಸ್ ಇಳಿಸಿ ತಾವೇ ಕಂಪೈಲ್ ಮಾಡಿದರೆ, ಅಲ್ಲಿಂದಾಚೆ ಆ ಪ್ರೋಗ್ರಾಂ ಆಪ್ಟ್‌ನ ಕೈಗೆ ಸಿಗುವುದಿಲ್ಲ. ವರ್ಡ್‌ಪ್ರೆಸ್ ಪ್ಲಗಿನ್, ಡಾಕರ್ ಇಮೇಜ್‌ಗಳೂ (ಪ್ರೋಗ್ರಾಂ ಮತ್ತು ಅದಕ್ಕೆ ಬೇಕಾದದ್ದೆಲ್ಲ ಸೇರಿಸಿದ ಕಟ್ಟು) ಹಾಗೆಯೇ. ಅವನ್ನು ಬೇರೆಯಾಗಿಯೇ ನೋಡಿಕೊಳ್ಳಬೇಕು.

ಅಪ್‌ಡೇಟ್ ಏನೂ ಇಲ್ಲ ಅಂತ ಬಂದರೂ ಅನುಮಾನ ಇರಲಿ. ಇನ್ನೊಂದು ಲಿನಕ್ಸ್ ಆದ ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿದಿದೆ, ಉಬುಂಟು 20.04ರ ಸಾಮಾನ್ಯ ಬೆಂಬಲ 2025ರ ಮೇಗೆ. ಅಂಥ ಉಬುಂಟು ಯಂತ್ರ ಜೋರಾಗಿ ಬೈಯುವುದಿಲ್ಲ. ಸುಮ್ನೆ ‘ಸೊನ್ನೆ ಪ್ಯಾಕೇಜ್’ ಅನ್ನುತ್ತದೆ.

ಮತ್ತೆ ರೀಬೂಟ್‌ಗೆ ಬರೋಣ. ಜನ ಯಾಕೆ ಹೆದರುತ್ತಾರೆ? ಆಫ್ ಮಾಡಿದರೆ ವಾಪಸ್ ಬರುತ್ತೋ ಇಲ್ಲವೋ ಯಾರಿಗೂ ಗೊತ್ತಿರುವುದಿಲ್ಲ, ಅಲ್ವಾ? ಯಾರೋ ಯಾವಾಗಲೋ ಕೈಯಾರೆ ಶುರು ಮಾಡಿದ ಪ್ರೋಗ್ರಾಂ ಇರುತ್ತದೆ. ಯಂತ್ರ ಶುರುವಾದಾಗ ಪ್ರೋಗ್ರಾಂಗಳನ್ನು ತಾನೇ ಎಬ್ಬಿಸುವ ಸಿಸ್ಟಂಡಿಗೆ ಅದನ್ನು ಸರ್ವಿಸ್ ಮಾಡಿ ‘ಎನೇಬಲ್’ ಮಾಡಿರುವುದಿಲ್ಲ. ಕರೆಂಟು ಹೋದ ದಿನ ಅದು ಹೇಗೂ ಬಯಲಾಗುತ್ತದೆ. ಅದಕ್ಕಿಂತ ನಾವೇ ದಿನ ಗೊತ್ತು ಮಾಡುವುದು ಮೇಲು. ತಿಂಗಳಿಗೊಮ್ಮೆ, ಅಂಗಡಿ ಮುಚ್ಚಿದ ಭಾನುವಾರ ಸಂಜೆ ಸಾಕು. ಅಮಾವಾಸ್ಯೆಗೂ ಅಂಗಡಿ ಮುಚ್ಚುವವರಿದ್ದಾರೆ, ಆದರೆ ಆ ದಿನ ಮೆಷಿನ್ ಮುಟ್ಟಬೇಡಿ ಅನ್ನುವ ಮಾಲೀಕರೂ ಇದ್ದಾರೆ! ಮೊದಲು ಬ್ಯಾಕಪ್ ತೆಗೆದಿಟ್ಟುಕೊಳ್ಳಿ, ಕ್ಲೌಡ್ ಆದರೆ ಸ್ನ್ಯಾಪ್‌ಶಾಟ್ (ಯಂತ್ರದ ಡಿಸ್ಕ್‌ನ ಆ ಕ್ಷಣದ ನಕಲು). ರೀಬೂಟ್ ಆದಮೇಲೆ ‘ಸಿಸ್ಟಂಸಿಟಿಎಲ್ --ಫೇಲ್ಡ್’ ಕೊಟ್ಟು ಯಾವುದು ಏಳಲಿಲ್ಲ ನೋಡಿ. ಆಮೇಲೆ ಕೌಂಟರಿನ ಕಂಪ್ಯೂಟರಿನಿಂದ ಒಂದು ಬಿಲ್ ಹೊಡೆದು, ಪ್ರಿಂಟ್ ಬಂದಮೇಲೆ ಮನೆಗೆ ಹೊರಡಿ.