ಬದ್ಲಿ ಇಲ್ಲದ ಪಾಸ್ಟರ ಮನಿ

ಬೀದರ ಕಡೆ ಕ್ರೈಸ್ತರ ಮನೆಯಲ್ಲಿ ಸಂಬಂಧದ ಮಾತು ನಡೆದಾಗ ಹುಡುಗನ ತಂದೆ ಪಾಸ್ಟರ್ ಎಂದು ಗೊತ್ತಾದರೆ, ಮುಂದಿನ ಪ್ರಶ್ನೆ ಹೆಚ್ಚಾಗಿ ಇದೇ: "ಸದ್ಯ ಯಾವ ಊರಾಗಿದ್ದಾರ್ರಿ? ಬದ್ಲಿ ಯಾವಾಗ?" ಬೀದರ, ಕಲಬುರಗಿ, ಯಾದಗಿರಿಯ ಪ್ರಾಟೆಸ್ಟಂಟರಲ್ಲಿ ಮೆಥಡಿಸ್ಟರ ಸಂಖ್ಯೆಯೇ ದೊಡ್ಡದು. ಮೆಥಡಿಸ್ಟ್ ಪಾಸ್ಟರನ ಬದುಕು ಸರಕಾರಿ ನೌಕರನ ಬದುಕಿನಂತೆಯೇ. ವಾರ್ಷಿಕ ಸಮ್ಮೇಳನದಲ್ಲಿ ಬಿಷಪ್ಪರು ನೇಮಕದ ಪಟ್ಟಿ ಓದುತ್ತಾರೆ. ಹೆಸರು ಬಂದವರು ಟ್ರಂಕು, ಗ್ಯಾಸ್ ಸಿಲಿಂಡರು, ಮಕ್ಕಳ ಟಿಸಿ ಹಿಡಿದುಕೊಂಡು ಹುಮನಾಬಾದಿಗೋ ಯಾದಗಿರಿಗೋ ಹೊರಡುತ್ತಾರೆ.

"ನಮ್ಮ ತಂದೆ ಬ್ಯಾಪ್ಟಿಸ್ಟ್ ಪಾಸ್ಟರ್ರಿ" ಎಂದರೆ ಕೇಳಿದವರು ಸ್ವಲ್ಪ ತಡವರಿಸುತ್ತಾರೆ. ಅಲ್ಲಿ ಬದ್ಲಿ ಇಲ್ಲ. ಬದ್ಲಿ ಮಾಡುವ ಬಿಷಪ್ಪರೇ ಇಲ್ಲ. ಸಭೆಯೇ ಪಾಸ್ಟರನನ್ನು ಕರೆಯುತ್ತದೆ, ಸಭೆಯೇ ಸಾಕುತ್ತದೆ, ಮನಸ್ಸು ಮುರಿದರೆ ಸಭೆಯೇ ಕಳಿಸುತ್ತದೆ. ಕೇಳಲಿಕ್ಕೆ ಇದು ಪ್ರಜಾಪ್ರಭುತ್ವದ ಹಾಗಿದೆ. ಆದರೆ ಆ ಮನೆಯ ಒಲೆಯ ಮುಂದೆ ಕೂತವರಿಗೆ ಇದರ ಅರ್ಥ ಬೇರೆ. ಸಂಬಳ ಎಷ್ಟು, ಯಾವ ದಿನ, ಅಯ್ಯನವರು ತೀರಿಕೊಂಡರೆ ಅಮ್ಮನವರು ಎಲ್ಲಿಗೆ ಹೋಗಬೇಕು ಎಂಬುದಕ್ಕೆಲ್ಲ ಉತ್ತರ ಆ ನೂರು-ಇನ್ನೂರು ಜನರ ಮನಸ್ಸಿನಲ್ಲೇ ಇರುತ್ತದೆ.

ಬ್ಯಾಪ್ಟಿಸ್ಟರ ಈ ವ್ಯವಸ್ಥೆ ಶುರುವಾದದ್ದು 1609ರಲ್ಲಿ, ಆಮ್‌ಸ್ಟರ್‌ಡ್ಯಾಮಿನಲ್ಲಿ. ಇಂಗ್ಲೆಂಡಿನಿಂದ ಓಡಿಬಂದಿದ್ದ ಜಾನ್ ಸ್ಮಿತ್ ಎಂಬ ಬೋಧಕನ ಚಿಕ್ಕ ಗುಂಪು, ನಂಬಿಕೆ ತಾನಾಗಿ ಹೇಳಿಕೊಂಡವನಿಗೆ ಮಾತ್ರ ದೀಕ್ಷಾಸ್ನಾನ, ಹಸುಗೂಸಿಗೆ ಇಲ್ಲ ಎಂದಿತು. ರಾಜನಾಗಲಿ ಬಿಷಪ್ಪನಾಗಲಿ ಮನಸ್ಸಾಕ್ಷಿಯ ಒಡೆಯನಲ್ಲ ಎಂದು ಅವನ ಸಂಗಡಿಗ ಥಾಮಸ್ ಹೆಲ್ವಿಸ್ ಲಂಡನ್ನಿಗೆ ಮರಳಿ ಸಾರಿ, ನ್ಯೂಗೇಟ್ ಜೈಲು ಸೇರಿ ಅಲ್ಲೇ ಸತ್ತ.

ಶಿಶುವಿಗೆ ದೀಕ್ಷಾಸ್ನಾನ ಇಲ್ಲ ಎಂಬ ನಿಯಮ ಎಲ್ಲರಿಗಿಂತ ಹೆಚ್ಚು ತಟ್ಟುವುದು ಪಾಸ್ಟರನ ಮಕ್ಕಳಿಗೆ. ಮೆಥಡಿಸ್ಟ್ ಪಾಸ್ಟರನ ಮಗುವಿನ ತಲೆಯ ಮೇಲೆ ತೊಟ್ಟಿಲ ವಯಸ್ಸಿನಲ್ಲೇ ನೀರು ಬೀಳುತ್ತದೆ, ಪ್ರಶ್ನೆ ಅಲ್ಲಿಗೆ ಮುಗಿಯಿತು. ಬ್ಯಾಪ್ಟಿಸ್ಟ್ ಪಾಸ್ಟರನ ಮಗ ಹದಿನಾರಾದರೂ ನೀರಿಗೆ ಇಳಿಯದಿದ್ದರೆ ಸಭೆಯಲ್ಲಿ ಗುಸುಗುಸು. ಪಿಯುಸಿ ಪಾಸಾದನೇ ಎಂಬುದಕ್ಕಿಂತ ಮೊದಲು ವಿಚಾರಿಸುವುದು ಇದನ್ನೇ. ಇನ್ನು ನೀರಿನ ಕತೆ. ಪೂರ್ತಿ ಮುಳುಗಬೇಕು ಎನ್ನುವ ಪಂಗಡಕ್ಕೆ ಬೇಸಿಗೆಯಲ್ಲಿ ಭೀಮಾ ಹೊಳಿ ಮೊಣಕಾಲುದ್ದ ಇರುವ ಸೀಮೆಯಲ್ಲಿ ಬದುಕುವುದೇ ಒಂದು ಪರೀಕ್ಷೆ.

ಪಾಸ್ಟರನ ಸಂಸಾರ ಎಂದಾಗ ಇಂಗ್ಲೆಂಡಿನಿಂದ ಬಂಗಾಳಕ್ಕೆ ಬಂದ ಬ್ಯಾಪ್ಟಿಸ್ಟ್ ಮಿಷನರಿ ವಿಲಿಯಂ ಕೇರಿಯ ಮನೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಕನ್ನಡಿಗರಿಗೂ ಅವನು ಪೂರಾ ಹೊರಗಿನವನಲ್ಲ. 1817ರಲ್ಲಿ ಕಲಕತ್ತೆ ಹತ್ತಿರದ ಸೇರಾಂಪುರದಿಂದ 'ಕರ್ನಾಟ' ಭಾಷೆಯ ವ್ಯಾಕರಣ ಹೊರತಂದವನು ಅವನೇ, ಅದಕ್ಕೂ ಮೊದಲು 1805ರಲ್ಲಿ ಮರಾಠಿ ವ್ಯಾಕರಣ. ಕನ್ನಡ, ಮರಾಠಿ ಎರಡೂ ಒಂದೇ ಓಣಿಯಲ್ಲಿ ಕೇಳುವ ಬೀದರಿನಂಥ ಊರನ್ನು ಅವನು ಕಂಡವನಲ್ಲ. ಇಂದು ಇಲ್ಲಿನ ಹುಡುಗ ಮಂಗಳೂರಿನ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿ ಧರ್ಮಶಾಸ್ತ್ರದ ಬಿ.ಡಿ. ಪದವಿ ತಂದರೆ ಅದರ ಮೇಲೆ ಸೇರಾಂಪುರದ ಹೆಸರಿರುತ್ತದೆ. ಆ ಹುಡುಗ ಮೆಥಡಿಸ್ಟನಾದರೂ ಸರಿ, ಪದವಿಯ ಬೇರು ಕೇರಿ ಮತ್ತು ಜೊತೆಗಾರರು 1818ರಲ್ಲಿ ಕಟ್ಟಿದ ಬ್ಯಾಪ್ಟಿಸ್ಟ್ ಕಾಲೇಜಿನಲ್ಲಿದೆ.

ಕೇರಿ ಚಪ್ಪಲಿ ಹೊಲಿಯುವವನು. 1781ರಲ್ಲಿ ಡೊರೋಥಿಯನ್ನು ಮದುವೆಯಾದ. ಚರ್ಚಿನ ದಫ್ತರದಲ್ಲಿ ಸಹಿ ಮಾಡಬೇಕಾದಲ್ಲಿ ಆಕೆ ಒಂದು ಗೀಟು ಎಳೆದಳು, ಅಕ್ಷರ ಬರುತ್ತಿರಲಿಲ್ಲ. ಹಳ್ಳಿಯ ಸಭೆಗೆ ಪಾಸ್ಟರನಾದಮೇಲೂ ಹೊಟ್ಟೆಗೆ ಸಾಲದೆ ಅವನು ಶಾಲೆ ಕಲಿಸಿದ, ಬೂಟು ಹೊಲಿದ. 1792ರ ಅಕ್ಟೋಬರ್ 2ರಂದು ಕೆಟರಿಂಗ್ ಊರಲ್ಲಿ ಹತ್ತಾರು ಜನ ಸೇರಿ ಮಿಷನ್ ಸಂಘ ಕಟ್ಟಿದಾಗ ಕೂಡಿದ ವಾಗ್ದಾನದ ಕಾಣಿಕೆ 13 ಪೌಂಡು 2 ಶಿಲ್ಲಿಂಗ್ 6 ಪೆನ್ಸು. ಆ ಬಲದ ಮೇಲೆ ಗಂಡ ಇಂಡಿಯಾಕ್ಕೆ ಹೊರಟ. ತುಂಬು ಬಸುರಿ ಡೊರೋಥಿ ಬರುವುದಿಲ್ಲ ಎಂದಳು. ಹಡಗು ತಡವಾಯಿತು, ಹೆರಿಗೆಯಾಯಿತು, ಕೇರಿ ಮತ್ತು ಜೊತೆಗಾರ ಮತ್ತೆ ಬಂದು ಒತ್ತಾಯ ಮಾಡಿದರು, ತಂಗಿ ಜೊತೆಗಿದ್ದರೆ ಬರುತ್ತೇನೆಂದು ಒಪ್ಪಿದಳು. 1793ರ ಜೂನ್ 13ಕ್ಕೆ ಹಡಗು ಬಿಟ್ಟಿತು, ನವೆಂಬರಿನಲ್ಲಿ ಕಲಕತ್ತೆ.

ಮರುವರ್ಷ ಐದು ವರ್ಷದ ಪೀಟರ್ ಸತ್ತ. ಮೈಲಿಗೆಗೆ ಹೆದರಿ ಹೆಣ ಹೊರಲು, ಕುಣಿ ತೋಡಲು ಜನ ಸಿಗಲಿಲ್ಲ. ಡೊರೋಥಿಯ ಮನಸ್ಸು ಆ ಸುಮಾರಿಗೆ ಕದಡಿತು, ಮತ್ತೆ ತಿಳಿಯಾಗಲೇ ಇಲ್ಲ. ಗಂಡನ ಮೇಲೆ ಅನುಮಾನ, ಬೀದಿಯಲ್ಲಿ ಬೈಗುಳ. ಕೊನೆಗೆ ಆಕೆಯನ್ನು ಕೋಣೆಯಲ್ಲಿ ಕೂಡಿಹಾಕಬೇಕಾಯಿತು. 1800ರ ಡಿಸೆಂಬರ್ 28ರಂದು ಹೂಗ್ಲಿ ನದಿಯಲ್ಲಿ ಕೇರಿ ತನ್ನ ಹಿರಿಮಗ ಫೆಲಿಕ್ಸ್‌ಗೂ ಬಡಗಿ ಕೃಷ್ಣ ಪಾಲನಿಗೂ ದೀಕ್ಷಾಸ್ನಾನ ಕೊಟ್ಟ. ಮಿಷನ್ ಚರಿತ್ರೆಯ ಪುಸ್ತಕಗಳು ಆ ದಿನವನ್ನು ಹಬ್ಬದ ಹಾಗೆ ವರ್ಣಿಸುತ್ತವೆ. ಅದೇ ಹೊತ್ತಿಗೆ ಹುಡುಗನ ತಾಯಿ ಬಾಗಿಲ ಚಿಲಕದ ಆಚೆ ಕೂಗುತ್ತಿದ್ದಳು. ಆಕೆ ತೀರಿಕೊಂಡದ್ದು 1807ರ ಡಿಸೆಂಬರಿನಲ್ಲಿ. ಅಷ್ಟು ವರ್ಷ ಪಕ್ಕದ ಕೋಣೆಯಲ್ಲಿ ಕೂತು ಅವನು ಅನುವಾದ ಮಾಡಿದ. ಅದನ್ನು ತಾಳ್ಮೆ ಎಂದು ಹೊಗಳುವವರಿದ್ದಾರೆ. ಆ ಕೋಣೆಯ ಕತೆಯನ್ನು ಡೊರೋಥಿಯ ಬಾಯಿಂದ ಕೇಳುವ ದಾರಿ ಇದ್ದಿದ್ದರೆ ಆ ಹೊಗಳಿಕೆ ಉಳಿಯುತ್ತಿತ್ತೇ ಎಂಬ ಅನುಮಾನ ನನಗಂತೂ ಇದೆ.

ಕಾಡುಬಿಟ್ಟಂತೆ ಬೆಳೆಯುತ್ತಿದ್ದ ಕೇರಿಯ ಹುಡುಗರನ್ನು ಹದಕ್ಕೆ ತಂದವರು ಜೊತೆಗಾರ ವಿಲಿಯಂ ವಾರ್ಡ್ ಮತ್ತು ಹನ್ನಾ ಮಾರ್ಷ್‌ಮನ್. ಹನ್ನಾ 1800ರಲ್ಲಿ ಶುರುಮಾಡಿದ ವಸತಿ ಶಾಲೆಯ ಆದಾಯವೇ ಮಿಷನ್ನಿನ ಅಡುಗೆಮನೆ ನಡೆಸಿದ್ದು. ಕಲಬುರಗಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಟಿಫಿನ್ ಬಾಕ್ಸ್ ಹಿಡಿದು ಖಾಸಗಿ ಶಾಲೆಗೆ ಓಡುವ ಪಾಸ್ಟರಮ್ಮಂದಿರು ಹನ್ನಾಳ ಸಾಲಿಗೆ ಸೇರಿದವರು. ಭಾನುವಾರದ ಕಾಣಿಕೆ ತಟ್ಟೆ ಒಂದು ತಿಂಗಳು ತುಂಬುತ್ತದೆ, ಇನ್ನೊಂದು ತಿಂಗಳು ಇಲ್ಲ. ತೊಗರಿ ರಾಶಿಯಾದಾಗ ದಶಮಾಂಶ ಎಂದು ನಾಲ್ಕು ಪಡಿ ಬೇಳೆ, ಒಂದು ಚೀಲ ಜೋಳ ಬಂದೀತು. ಶಾಲೆಯ ಫೀಸು ಜೋಳದಲ್ಲಿ ಕಟ್ಟಲಾಗದು.

ಇಷ್ಟಕ್ಕೂ ಬ್ಯಾಪ್ಟಿಸ್ಟರು ನಮ್ಮ ಸೀಮೆಯಲ್ಲಿ ಇಷ್ಟು ಕಡಿಮೆ ಏಕೆ? ಅದಕ್ಕೆ ಧರ್ಮಶಾಸ್ತ್ರಕ್ಕಿಂತ ನಕ್ಷೆ ಕಾರಣ. ನಿಜಾಮರ ರಾಜ್ಯಕ್ಕೆ ಬಂದ ಮಿಷನ್‌ಗಳು ಒಬ್ಬರ ಹೊಲಕ್ಕೆ ಇನ್ನೊಬ್ಬರು ಕಾಲಿಡಬಾರದೆಂದು ಸೀಮೆ ಹಂಚಿಕೊಂಡವು. ಬೀದರ, ಗುಲಬರ್ಗಾ, ಯಾದಗಿರಿ ಅಮೆರಿಕನ್ ಮೆಥಡಿಸ್ಟರಿಗೆ. ಮೇದಕ ಇಂಗ್ಲೆಂಡಿನ ವೆಸ್ಲಿಯನ್ನರಿಗೆ. ಹನಮಕೊಂಡ, ನಲ್ಗೊಂಡ, ಮಹಬೂಬ್‌ನಗರ ಅಮೆರಿಕನ್ ಬ್ಯಾಪ್ಟಿಸ್ಟರಿಗೆ. ಗುರುಮಠಕಲ್ ದಾಟಿ ನಾರಾಯಣಪೇಟೆ ಕಡೆ ನಾಲ್ಕು ಹೆಜ್ಜೆ ಇಟ್ಟರೆ ಭಾಷೆಯ ಜೊತೆ ಪಂಗಡವೂ ಬದಲಾಗುತ್ತಿತ್ತು. ತೆಲುಗಿನ 'ಅಯ್ಯಗಾರು', ಅಂದರೆ ಅಲ್ಲಿನ ಪಾಸ್ಟರ್, ಗಡಿ ದಾಟಿ ಯಾದಗಿರಿ ಕಡೆ ಬಂದಾಗ ಬಿಷಪ್ಪರಿಲ್ಲದ ಸಭೆಯ ರೂಢಿಯೂ ಅವನ ಜೋಳಿಗೆಯಲ್ಲಿ ಬಂತು.

ಆ ತೆಲುಗು ಸೀಮೆಯ ಬ್ಯಾಪ್ಟಿಸ್ಟರ ಮೂಲ ಹುಡುಕಿದರೆ ಕಾಣುವವನು ಅಮೆರಿಕದವನಲ್ಲ, ಎರ್ರಗುಂಟ್ಲ ಪೇರಯ್ಯ ಎಂಬ ಮಾದಿಗ. ಚರ್ಮದ ವ್ಯಾಪಾರ ಮಾಡುತ್ತಿದ್ದವನು, ಯೋಗ ಕಲಿತು ಶಿಷ್ಯರನ್ನು ಗಳಿಸಿದ್ದವನು. 1866ರಲ್ಲಿ ಅವನು, ಹೆಂಡತಿ ನಾಗಮ್ಮ ಇಬ್ಬರೂ ದೀಕ್ಷಾಸ್ನಾನ ಪಡೆದರು. ಮರುವರ್ಷದ ಜನವರಿ 1ರಂದು ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಆಂಧ್ರದ ಒಂಗೋಲಿನಲ್ಲಿ ಸಭೆ ಕಟ್ಟಿದಾಗ ಇದ್ದವರು ಎಂಟೇ ಜನ. ನಂತರ ನಮ್ಮ ಹಿರಿಯರು ಧಾತು-ಈಶ್ವರ ಎಂದು ಸಂವತ್ಸರದ ಹೆಸರಿನಿಂದಲೇ ನೆನೆಯುವ 1876-78ರ ಬರ ಬಂತು. ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆ ತೋಡುವ ಗುತ್ತಿಗೆ ಹಿಡಿದು ಕೂಲಿ ಕೊಟ್ಟ. ಅನ್ನಕ್ಕಾಗಿ ಬಂದರು ಎಂಬ ಮಾತು ಬರಬಾರದೆಂದು ಬರ ಇರುವ ತನಕ ದೀಕ್ಷಾಸ್ನಾನ ನಿಲ್ಲಿಸಿದ. 1878ರ ಜುಲೈ 3ರಂದು ಗುಂಡ್ಲಕಮ್ಮ ಹೊಳೆಯಲ್ಲಿ ಒಂದೇ ದಿನ 2,222 ಜನ ಮುಳುಗಿ ಎದ್ದರು. ಮುಳುಗಿಸಿದವರು ಆರು ಜನ ದೇಸಿ ಬೋಧಕರು, ಇಬ್ಬಿಬ್ಬರಾಗಿ ಸರದಿಯಲ್ಲಿ.

ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿದವನು ಡಾಕ್ಟರ್ ಕೇರಿಯಾದ. ಇಲ್ಲಿ ಚರ್ಮದ ಕೆಲಸದವನು ಬೋಧಕನಾದರೂ ಊರು ಅವನನ್ನು ಕೇರಿಯಿಂದ ಆಚೆ ಬಿಡಲಿಲ್ಲ. ಕಾನೂನು ಅವನಿಗೆ ಇನ್ನೊಂದು ಗಂಟು ಹಾಕಿತು. 1950ರ ಆಗಸ್ಟ್ 10ರ ರಾಷ್ಟ್ರಪತಿ ಆದೇಶದಂತೆ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತ, ಮುಸ್ಲಿಮರು ಹೊರಗೇ ಉಳಿದರು. 2022ರಲ್ಲಿ ಈ ಪ್ರಶ್ನೆಗೆಂದು ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು. ಭಾನುವಾರ ಹಿಂದಿನ ಬೆಂಚಿನಲ್ಲಿ ಕೂತು ಎದ್ದುಹೋಗುವವನ ಧರ್ಮ ಯಾವುದೆಂದು ತಹಸೀಲ್ ಕಚೇರಿ ಕೆದಕುವುದು ಅಪರೂಪ. ಪಾಸ್ಟರನ ಮಗಳು ಅರ್ಜಿ ಹಿಡಿದು ಹೋದರೆ ತಂದೆಯ ಉದ್ಯೋಗದ ಕಾಲಮ್ಮೇ ಎಲ್ಲ ಹೇಳಿಬಿಡುತ್ತದೆ.

ಉಳಿದದ್ದು ಮನೆಯ ಮಾತು. ಮೆಥಡಿಸ್ಟರ ಪಾರ್ಸನೇಜ್, ಅಂದರೆ ಪಾಸ್ಟರ್ ಇರುವ ಮನೆ, ಪಂಗಡದ ಆಸ್ತಿ, ಬದ್ಲಿಯಾದಾಗ ಕೀಲಿಕೈ ಕೊಟ್ಟು ಹೋಗಬೇಕು. ಸ್ವತಂತ್ರ ಸಭೆಯಲ್ಲಿ ಹಾಗಲ್ಲ. ಪಾಸ್ಟರ್ ತಾನೇ ಸಾಲ ಮಾಡಿ ಪ್ಲಾಟು ಕೊಂಡು, ಮುಂದೆ ತಗಡಿನ ಪ್ರಾರ್ಥನಾಲಯ, ಹಿಂದೆ ಎರಡು ಕೋಣೆಯ ಮನೆ ಕಟ್ಟಿಕೊಂಡಿರುವುದುಂಟು. ಅವನು ಕಣ್ಣು ಮುಚ್ಚಿದ ಮೇಲೆ ಅದು ಸಭೆಯದೋ ಮಕ್ಕಳದೋ? ಜಗಳಕ್ಕೆ ಅಷ್ಟು ಸಾಕು. ಈ ಜಗಳವೂ ಹೊಸದಲ್ಲ. ಸೇರಾಂಪುರದ ಕಟ್ಟಡಗಳು ಯಾರವು ಎಂಬ ತಕರಾರಿನಲ್ಲೇ ಕೇರಿ ಮತ್ತು ಅವನನ್ನು ಕಳಿಸಿದ್ದ ಇಂಗ್ಲೆಂಡಿನ ಅದೇ ಮಿಷನ್ ಸಂಘ 1827ರಲ್ಲಿ ಬೇರೆಯಾದದ್ದು.

1834ರ ಜೂನ್ 9ರಂದು ಕೇರಿ ಸತ್ತಾಗ ಅವನ ಉಯಿಲಿನ ಮೊದಲ ಕಲಮಿನಲ್ಲೇ ಇದ್ದದ್ದು ಇದು: ಮಿಷನ್ನಿನ ಜಾಗದ ಮೇಲೆ ತನಗೆ ಯಾವ ಹಕ್ಕೂ ಇಲ್ಲ. ಕಲಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಮೇಷ್ಟರಾಗಿ ವರ್ಷಗಟ್ಟಲೆ ಪಡೆದ ಸಂಬಳದ ಬಹುಪಾಲು ಮಿಷನ್ನಿಗೇ ಹೋಗಿತ್ತು. ಮಗ ಜೇಬೆಜ್‌ಗೆ 1,500 ರೂಪಾಯಿ ಕೊಡಬೇಕಿತ್ತು, ಕೈಯಲ್ಲಿ ದುಡ್ಡಿರಲಿಲ್ಲ. ನನ್ನ ಪುಸ್ತಕಗಳನ್ನು ಮಾರಿ ಕೊಡಿ ಎಂದು ಬರೆದಿಟ್ಟಿದ್ದ. ಆ ಜೇಬೆಜ್, 1793ರಲ್ಲಿ ಹಡಗು ತಡವಾದಾಗ ಹುಟ್ಟಿದ ಕೂಸು.